ಎಫ್ ಮೇಲಿನ ಗೆರೆ

ಶಿರಸಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ಪಕ್ಕ ಕಾರ್ಡು, ಅರ್ಜಿ ಟೈಪ್ ಮಾಡುವ ಮೇಜು. ಇನ್ನೊಂದು ಪಕ್ಕ ಕೀಬೋರ್ಡು, ಮೌಸು ಮಾರುವ ಕಪಾಟು. ಸಿದ್ದಾಪುರ, ಯಲ್ಲಾಪುರದ ಕಡೆಯಿಂದಲೂ ಜನ ಬರುತ್ತಾರೆ. ನನಗೆ ಅನ್ನ ಹಾಕುವವರು ಮುಖ್ಯವಾಗಿ ಎರಡು ಬಗೆಯವರು: ಮನೆಯಲ್ಲಿ ಯಾರೋ ತೀರಿಕೊಂಡು, ಹದಿಮೂರನೇ ದಿನದ ವೈಕುಂಠ ಸಮಾರಾಧನೆಗೆ ತುರ್ತಾಗಿ ಕಾರ್ಡು ಬೇಕಾದವರು ಒಂದು, ಕಂಪ್ಯೂಟರ್ ಗೇಮಿನಲ್ಲಿ ತಾವೇ ಸತ್ತು, ತುರ್ತಾಗಿ ಬೇರೆ ಕೀಬೋರ್ಡು ಬೇಕಾದವರು ಇನ್ನೊಂದು. ಇಬ್ಬರಿಗೂ ಅವಸರ. ಅವಸರ ಇದ್ದ ಕಡೆ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ನಡೆಯುವ ಹೊತ್ತಿಗೆ ನಗು ಬರುವುದಿಲ್ಲ, ಅದೊಂದೇ ತೊಂದರೆ.

೧. ಎಂಟು ಸಾವಿರ ಸಲ

ಕಾನಸೂರು ಕಡೆಯ ಒಬ್ಬ ಭಟ್ಟರು ಎರಡೂ ಬಗೆಗೆ ಸೇರಿದವರು. ವಯಸ್ಸು ಐವತ್ತೈದು ದಾಟಿದೆ. ಬೆಳಿಗ್ಗೆ ಅಪರಕರ್ಮ ಮಾಡಿಸುತ್ತಾರೆ, ಅಂದರೆ ಸತ್ತವರನ್ನು ಶಾಸ್ತ್ರಬದ್ಧವಾಗಿ ಕಳಿಸಿಕೊಡುವ ಕೆಲಸ. ಆ ಮನೆಯವರ ಕಾರ್ಡಿನ ಒಕ್ಕಣೆಯನ್ನು ನನ್ನ ಹತ್ತಿರ ತಂದುಕೊಡುವವರೂ ಅವರೇ. ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಗುಂಡು ಹೊಡೆಯುವ ಆಟ ಆಡುತ್ತಾರೆ. ಅದರಲ್ಲಿ ದಿನವೂ ಸಾಯುತ್ತಾರೆ. ಸತ್ತಾಗಲೆಲ್ಲ "ಲ್ಯಾಗು" ಅನ್ನುತ್ತಾರೆ. ತಾನು ಒತ್ತಿದ್ದು ಸರಿಯಾಗಿಯೇ ಇತ್ತು, ಸುದ್ದಿ ಮುಟ್ಟುವುದು ತಡವಾಯಿತು ಎಂದು ಅರ್ಥ.

ಒಂದು ದಿನ ಶಾಲು ಕೂಡ ತೆಗೆಯದೆ ನೇರ ಅಂಗಡಿಗೆ ಬಂದರು. ಅವರದ್ದು ಅಪ್ಪಟ ಹವ್ಯಕ ಮಾತು: 'ಆನು' ಅಂದರೆ ನಾನು, 'ಎಂಗೆ' ಅಂದರೆ ನನಗೆ, 'ಇಕ್ಕು' ಅಂದರೆ ಇರಬಹುದು.

"ತಂಗೀ, ಎಂಗೆ ಎಂಟು ಸಾವಿರ ಹರ್ಟ್ಸಿನ ಕೀಬೋರ್ಡು ಬೇಕು."

"ಈಗಿರೋದಕ್ಕೆ ಎಂತ ಆಯ್ತು ಭಟ್ರೆ?"

"ಅದು ಬರೀ ಸಾವಿರದ್ದು. ಆನು ಒತ್ತದ್ರೊಳಗೆ ಅಂವ ಹೊಡ್ದು ಆಗಿರ್ತು."

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಆಮೇಲೆ ಓದಿದ್ದೆಲ್ಲ ಬೇರೆಯವರ ಕಾರ್ಡು, ಬೇರೆಯವರ ಅರ್ಜಿ, ಪೆಟ್ಟಿಗೆಯೊಳಗೆ ಬರುವ ಇಂಗ್ಲಿಷ್ ಚೀಟಿ. ಈ ಹರ್ಟ್ಸಿನ ಲೆಕ್ಕಕ್ಕೆ ಚೀಟಿಯಲ್ಲಿ ಪೋಲಿಂಗ್ ರೇಟ್ ಎಂದಿರುತ್ತದೆ, ಅಂದರೆ ಚುನಾವಣೆಗೆ ಸಂಬಂಧಪಟ್ಟದ್ದು ಎಂದು ಮೊದಲು ನಾನೂ ತಿಳಿದಿದ್ದೆ. ಡಿಕ್ಷನರಿ ಇಟ್ಟುಕೊಂಡು ಮೂರು ದಿನ ಕೂತ ಮೇಲೆ ಗೊತ್ತಾಯಿತು. ಕಂಪ್ಯೂಟರು ಕೀಬೋರ್ಡನ್ನು "ಯಾರಾದರೂ ಒತ್ತಿದರಾ" ಎಂದು ಸೆಕೆಂಡಿಗೆ ಎಷ್ಟು ಸಲ ಕೇಳುತ್ತದೆ ಎಂಬುದೇ ಅದು. ಅಗ್ಗದ ಬೋರ್ಡನ್ನು ನೂರಿಪ್ಪತ್ತೈದು ಸಲ ಕೇಳುತ್ತದೆ. ಅಂದರೆ ಸೆಕೆಂಡನ್ನು ಸಾವಿರ ತುಂಡು ಮಾಡಿದರೆ ಎಂಟು ತುಂಡಿಗೊಮ್ಮೆ. ಆ ತುಂಡಿಗೆ ಮಿಲಿಸೆಕೆಂಡು ಅನ್ನುತ್ತಾರೆ. ಸಾವಿರದ ಬೋರ್ಡನ್ನು ಒಂದೊಂದು ಮಿಲಿಸೆಕೆಂಡಿಗೂ ಕೇಳುತ್ತದೆ. ಎಂಟು ಸಾವಿರದ್ದನ್ನು ಕೇಳುವುದು ನೋಡಿದರೆ, ಹಾಸಿಗೆ ಹಿಡಿದವರ ಪಕ್ಕ ಕೂತು "ನೀರು ಬೇಕಾ, ನೀರು ಬೇಕಾ" ಎಂದು ಪ್ರಾಣ ತಿನ್ನುವ ನೆಂಟರ ನೆನಪಾಗುತ್ತದೆ.

ಇಷ್ಟನ್ನೂ ಭಟ್ಟರಿಗೆ ಬಿಡಿಸಿ ಹೇಳಿ ಕೊನೆಗೆ ಅಂದೆ: "ಸಾವಿರ ಸಲ ಕೇಳಿದ್ರೂ ಎಂಟು ಸಾವಿರ ಸಲ ಕೇಳಿದ್ರೂ ಉತ್ತರ ಕೊಡೋದು ನಿಮ್ಮ ಬೆರಳೇ ಅಲ್ವಾ? ಅದೇ ತಡ ಮಾಡಿದ್ರೆ ಪಾಪದ ಕೀಬೋರ್ಡು ಎಂತ ಮಾಡ್ತದೆ?"

ಭಟ್ಟರಿಗೆ ಸಿಟ್ಟು ಬಂತು.

"ಎನ್ನ ಬೆರಳಿಗೆ ಎಂತ ಆಜಿಲ್ಲೆ. ಬೆಳಿಗ್ಗೆ ಒಬ್ರನ್ನ ಒಂದು ಮಂತ್ರ ತಪ್ಪದ್ದೆ ಕಳಿಸಿ ಬಂಜಿ. ಮಧ್ಯಾಹ್ನ ಒಂಬತ್ತು ಸಲ ಆನೇ ಸತ್ತಿ. ತಪ್ಪು ಕೀಬೋರ್ಡಿಂದಲ್ದೇ ಮತ್ತೆ ಯಾರದ್ದು?"

೨. ಸ್ಥಳ

ಬೆರಳಿನ ವಿಷಯ ಭಟ್ಟರಿಗೆ ಹೇಳಿದ ನನ್ನ ಬಾಯಿ ಆಗ ನನ್ನ ಕೈಯನ್ನು ನೋಡಿಕೊಳ್ಳಲಿಲ್ಲ.

ನಾನು ಕೀಬೋರ್ಡು ನೋಡದೆ ಟೈಪ್ ಮಾಡುವವಳು. ಈ ಮೂರು ತಾಲೂಕಿನಲ್ಲಿ ನನ್ನಷ್ಟು ಬೇಗ ಹೊಡೆಯುವವರು ಇಲ್ಲ, ಇದ್ದರೆ ಬರಲಿ. ಕನ್ನಡ ಟೈಪಿಂಗಿನಲ್ಲಿ ಎಲ್ಲ ನಿಂತಿರುವುದು ಎಡಗೈ ತೋರುಬೆರಳಿನ ಕೆಳಗಿರುವ ಎಫ್ ಎಂಬ ಒಂದು ಕೀ ಮೇಲೆ. ಸ ಒತ್ತಿ, ಎಫ್ ಒತ್ತಿ, ವ ಒತ್ತಿದರೆ ಸ್ವ. ನಡುವಿನ ಎಫ್ ಬೀಳದಿದ್ದರೆ ಸವ. ಒತ್ತಿದರೆ ಮಾತ್ರ ಒತ್ತು.

ತ್ಯಾಗಲಿಯ ಒಬ್ಬ ಹೆಂಗಸು ಅವಳ ಮಾವ ತೀರಿಕೊಂಡ ಒಂಬತ್ತನೇ ದಿನ ಬಂದಳು. ಇನ್ನು ನಾಲ್ಕೇ ದಿನ ಇತ್ತು. ಅರ್ಧ ತಾಸಿನಲ್ಲಿ ಟೈಪ್ ಮಾಡಿ ಪಕ್ಕದ ಪ್ರೆಸ್ಸಿಗೆ ಕೊಟ್ಟೆ, ಸಂಜೆಗೆ ಅಚ್ಚಾಗಿ ಆಕೆಯ ಕೈ ಸೇರಿತು. ಮರುದಿನ ಬೆಳಿಗ್ಗೆ ಆಕೆ ಕಾರ್ಡಿನ ಕಟ್ಟು ಹೊತ್ತುಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟಳು.

"ಅಕ್ಕಾ, ನಮ್ಮ ಮಾವ ಮನೇಲೇ ತೀರಿಕೊಂಡವರು. ನೆಂಟರನ್ನ ಊಟಕ್ಕೆ ಎಲ್ಲಿಗೆ ಕರೆದಿದೀರಿ ಅಂತ ಒಂದ್ಸಲ ಓದಿ."

ಓದಿದೆ. 'ಸ್ಥಳ: ಶವಗೃಹ, ತ್ಯಾಗಲಿ' ಎಂದಿತ್ತು.

ಪ್ರೆಸ್ಸಿನವನನ್ನು ಕರೆದು ಬೈದೆ. ಅವನು ನನ್ನ ಪ್ರತಿಯನ್ನೇ ತೋರಿಸಿದ. ಸ್ವಗೃಹ ಎಂದಿರಬೇಕಾದ ಕಡೆ ಸವಗೃಹ ಎಂದಿತ್ತು.

"ಶ ಬದ್ಲು ಸ ಬಿದ್ದಿದೆ ಅಂತ ನಾನೇ ತಿದ್ದಿದೆ ಅಕ್ಕ," ಅಂದ. "ಸಾವಿನ ಕಾರ್ಡಲ್ವಾ, ಹೊಂದ್ತದೆ ಅನ್ನಿಸ್ತು."

ಇಪ್ಪತ್ತೆರಡು ವರ್ಷದಲ್ಲಿ ನನ್ನ ಮೇಜಿನಿಂದ ಒಂದು ಒತ್ತು ತಪ್ಪಿ ಹೋಗಿರಲಿಲ್ಲ. ಮತ್ತೆ ಅಚ್ಚು ಹಾಕಿಸೋಣ ಎಂದರೆ ಅಂದು ಸಂಜೆವರೆಗೆ ಕರೆಂಟಿಲ್ಲ. ಇನ್ವರ್ಟರಿನಲ್ಲಿ ಸ್ವಗೃಹ ಎಂಬ ಸಣ್ಣ ಚೀಟಿಗಳನ್ನು ಅಂಟು ಕಾಗದದ ಮೇಲೆ ತೆಗೆದೆ. ಶವಗೃಹದ ಮೇಲೆ ಒಂದೊಂದಾಗಿ ಅಂಟಿಸುವುದು. ಆದರೆ ಚೀಟಿಯ ಅಂಚು ನನ್ನ ಎಡಗೈಗೆ ಸಿಗುತ್ತಿರಲಿಲ್ಲ. ಹಿಡಿದಿದ್ದೇನೆ ಎಂದುಕೊಂಡರೆ ಕೆಳಗೆ ಬಿದ್ದಿರುತ್ತಿತ್ತು. ಐದಾರು ಬೀಳಿಸಿದ ಮೇಲೆ ಆಕೆಯೇ ಬೆಂಚು ಎಳೆದುಕೊಂಡು ಕೂತು ಎಲ್ಲವನ್ನೂ ಅಂಟಿಸಿದಳು. ಮಾವನ ಸೂತಕದಲ್ಲಿದ್ದವಳು ನನ್ನ ತಪ್ಪಿಗೆ ತೇಪೆ ಹಚ್ಚುತ್ತಿದ್ದಳು.

"ಕೈಗೆ ಎಂತ ಆಯ್ತಕ್ಕ?"

"ಅಂಟು ಸರಿ ಇಲ್ಲ," ಅಂದೆ.

ಹೋಗುವಾಗ ಆಕೆ ಬಾಗಿಲಲ್ಲಿ ನಿಂತಳು. "ಒಂದು ಒಳ್ಳೇದೂ ಆಯ್ತು ಬಿಡಿ. ಹತ್ತು ವರ್ಷದಿಂದ ಮನೆ ಮೆಟ್ಟಿಲು ಹತ್ತದೆ ಇದ್ದ ನಮ್ಮ ಮೈದುನಂಗೆ ನಿನ್ನೆಯೇ ಒಂದು ಕಾರ್ಡು ಕೊಟ್ಟಿದ್ವಿ. ಬರ್ತೇನೆ ಅಂದ. ಜಾಗ ನೋಡ್ಬೇಕಂತೆ."

೩. ಹುಬ್ಬಳ್ಳಿಯ ವ್ಯಾಪಾರಿ

ತಪ್ಪು ಕೀಬೋರ್ಡಿನದ್ದೇ ಎಂದು ನಾನು ತೀರ್ಮಾನ ಮಾಡಿದೆ. ಹಳೆಯದನ್ನು ಮೂಲೆಗಿಟ್ಟು ಗೇಮಿನವರು ಕೊಳ್ಳುವ ಸಾವಿರ ಹರ್ಟ್ಸಿನ ಬೋರ್ಡು ತೆರೆದು ಕೂತೆ. ಕೂತ ಕೂಡಲೇ ಅದರ ದೋಷ ಗೊತ್ತಾಯಿತು. ಎಫ್ ಮತ್ತು ಜೆ ಕೀಗಳ ಮೇಲೆ ಒಂದು ಸಣ್ಣ ಉಬ್ಬು ಗೆರೆ ಇರುತ್ತದೆ. ನೋಡದೆ ಟೈಪ್ ಮಾಡುವವರಿಗೆ ಅದೇ ದಾರಿ. ಕತ್ತಲಲ್ಲಿ ಬಾಗಿಲ ಚಿಲಕ ಹುಡುಕುವ ಹಾಗೆ ಬೆರಳು ಅದನ್ನು ಹುಡುಕಿ ನಿಲ್ಲುತ್ತದೆ. ಈ ಬೋರ್ಡಿನಲ್ಲಿ ಜೆ ಮೇಲೆ ಗೆರೆ ಇತ್ತು, ಎಫ್ ಮೇಲೆ ಇರಲಿಲ್ಲ. ಕಪ್ಪು ಕೀ ಮೇಲಿನ ಕಪ್ಪು ಗೆರೆಯನ್ನು ಕಣ್ಣಿಂದ ಹುಡುಕುವ ರೂಢಿ ನನಗಿಲ್ಲ, ಬೆರಳು ಹೇಳಿದ್ದೇ ಸಾಕು.

ಮಾಲು ಕಳಿಸುವ ಹುಬ್ಬಳ್ಳಿಯ ವ್ಯಾಪಾರಿಗೆ ಫೋನ್ ಮಾಡಿದೆ.

"ಗೆರಿ ಇಲ್ಲೇನ್ರಿ? ಅದ್ಹೆಂಗ ಆಕ್ಕೈತ್ರಿ ಅಕ್ಕಾರ? ಕಳಸ್ರಿ, ನೋಡೋಣು," ಅಂದ. ಕಳಿಸಿದೆ. ಬೇರೆ ಕೊಟ್ಟ. ಅದರಲ್ಲೂ ಇರಲಿಲ್ಲ. ಅದನ್ನೂ ಕಳಿಸಿದೆ. ಈ ಸಲ ಬೋರ್ಡಿನ ಬದಲು ಮೊಬೈಲಿಗೆ ಒಂದು ಫೋಟೋ ಬಂತು. ಎಫ್ ಕೀಯ ಫೋಟೋ, ಅದರ ಮೇಲೆ ಗೆರೆ, ಗೆರೆಯ ಸುತ್ತ ಕೆಂಪು ಶಾಯಿಯ ಸೊನ್ನೆ.

"ಇದು ಬೇರೆ ಬೋರ್ಡಿನ ಫೋಟೋ," ಅಂದೆ.

"ನಿಮ್ಮದರದ್ದ ಐತ್ರಿ."

"ನನ್ನ ಬೆರಳು ಸುಳ್ಳು ಹೇಳ್ತದಾ?"

ಅವನು ದನಿ ತಗ್ಗಿಸಿದ. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಕೀ ಮ್ಯಾಗಿನ ಗೆರಿ ಸರಿ ಐತ್ರಿ. ನಿಮ್ಮ ಕೈಯಾಗಿನ ಗೆರಿ ಯಾರಿಗರ ಒಮ್ಮೆ ತೋರಸ್ರಿ," ಅಂದ.

ಜ್ಯೋತಿಷಿಗೆ ತೋರಿಸು ಎಂದು ಹಂಗಿಸುತ್ತಿದ್ದಾನೆ ಎಂದು ಫೋನ್ ಇಟ್ಟೆ. ಎಂಟು ತಿಂಗಳು ಅವನ ಜೊತೆ ಮಾತು ಬಿಟ್ಟೆ. ನನ್ನ ರೋಗ ಮೊದಲು ಹಿಡಿದ ಡಾಕ್ಟರು ಅವನೇ ಎಂದು ಗೊತ್ತಾದದ್ದು ಆಮೇಲೆ.

೪. ಮೂರು ಬೋರ್ಡಿನ ಪರೀಕ್ಷೆ

ಬೇರೆ ಕಡೆಯಿಂದ ಎಂಟು ಸಾವಿರದ ಬೋರ್ಡು ತರಿಸಿದೆ. ಒಂದು ಭಟ್ಟರಿಗೆ, ಒಂದು ನನಗೆ. ಕೊಡುವ ಮೊದಲು ಪರೀಕ್ಷೆ ಮಾಡುವುದು ನನ್ನ ಪದ್ಧತಿ. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಾನು ನಂಬುವುದಿಲ್ಲ. ಅಂಥ ಹೊಗಳಿಕೆಯನ್ನು ಜನರಿಗೆ ಟೈಪ್ ಮಾಡಿ ಕೊಡುವವಳು ನಾನೇ, ನನಗೆ ಗೊತ್ತಿಲ್ಲವೇ.

ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆಯಲು ಬರುತ್ತದೆ. ಕೀ ಮತ್ತು ಪರದೆ ಎರಡೂ ಕಾಣುವ ಹಾಗೆ ಮೊಬೈಲನ್ನು ಸೇರಿನ ಪಾತ್ರೆಗೆ ಆನಿಸಿ ನಿಲ್ಲಿಸಿದೆ. ಬೆರಳು ಕೀಯನ್ನು ತಳ ಮುಟ್ಟಿಸಿದಲ್ಲಿಂದ ಪರದೆಯಲ್ಲಿ ಅಕ್ಷರ ಬೀಳುವವರೆಗೆ ಎಷ್ಟು ಚಿತ್ರ ಸರಿಯುತ್ತದೆ ಎಂದು ಎಣಿಸುವುದು. ಮೊದಲು ಭಟ್ಟರು ಒತ್ತಿದರು. ಹಳೆಯ ನೂರಿಪ್ಪತ್ತೈದರ ಬೋರ್ಡು ಸೋತಿತು, ಅದು ಕಣ್ಣಿಗೇ ಕಂಡಿತು. ಸಾವಿರಕ್ಕೂ ಎಂಟು ಸಾವಿರಕ್ಕೂ ಒಂದು ಚಿತ್ರದ ವ್ಯತ್ಯಾಸವೂ ಇರಲಿಲ್ಲ.

"ನೋಡಿ ಭಟ್ರೆ. ಹೆಚ್ಚು ಸಲ ಕೇಳ್ತದೆ, ನಿಜ. ಆದ್ರೆ ಒಳಗೆ ಕೀ ಒತ್ತಿದ್ದು ಹೌದೋ ಅಲ್ವೋ ಅಂತ ಬೋರ್ಡು ತಾನೇ ನಿಶ್ಚಯ ಮಾಡ್ಕೊಳ್ಳೋಕೆ ಹೊತ್ತು ತಗೊಳ್ತದಲ್ಲ, ಅದು ಎರಡಕ್ಕೂ ಒಂದೇ. ವ್ಯತ್ಯಾಸ ಇದ್ರೂ ನನ್ನ ಮೊಬೈಲಿನ ಕಣ್ಣಿಗೆ ಸಿಗ್ತಿಲ್ಲ. ನಿಮ್ಮ ಬೆರಳಿಗೆ ಎಲ್ಲಿ ಸಿಗ್ತದೆ?"

"ಅಡ್ಡಿಲ್ಲೆ, ಎಂಗೆ ಎಂಟು ಸಾವಿರದ್ದೇ ಕೊಡು," ಅಂದರು. "ಸಾಯದಾದ್ರೂ ಒಳ್ಳೇದ್ರಲ್ಲಿ ಸಾಯ್ತಿ."

ಆಮೇಲೆ ನಾನು ಕೂತೆ. ಒಂದೊಂದು ಬೋರ್ಡಿನಲ್ಲೂ ಎಫ್ ಕೀಯನ್ನು ಹತ್ತು ಹತ್ತು ಸಲ ಒತ್ತಿದೆ. ಪರದೆಯಲ್ಲಿ ಒಂದರಲ್ಲಿ ಏಳು ಬಿತ್ತು, ಇನ್ನೊಂದರಲ್ಲಿ ಆರು, ಮೂರನೆಯದರಲ್ಲಿ ಏಳು. ಮೂರೂ ಬೋರ್ಡು ಕೆಟ್ಟದ್ದು ಎಂದು ಎದ್ದೆ. ಭಟ್ಟರು ಕನ್ನಡಕ ಏರಿಸಿಕೊಂಡು ವಿಡಿಯೋ ಮತ್ತೆ ಮತ್ತೆ ನೋಡುತ್ತಿದ್ದರು. ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕರೆದರು.

"ತಂಗೀ, ಇಲ್ಲಿ ನೋಡು. ಬೆರಳು ಇಳೀತು. ಕೀ ಮುಟ್ತು. ಆದ್ರೆ ಕೀ ಕೆಳಗೆ ಹೋಜಿಲ್ಲೆ."

ನೋಡಿದೆ. ನನ್ನದೇ ಬೆರಳು ನಿಧಾನವಾಗಿ ಇಳಿದು, ಕೀ ಮೇಲೆ ಕೂತು, ಒತ್ತದೆ ಹಾಗೇ ಮೇಲೆದ್ದಿತು. ಒತ್ತಿದ್ದೇನೆ ಎಂದು ನನಗೆ ಖಾತ್ರಿ ಇತ್ತು. ಇನ್ನೊಂದು ಕಂಡಿತು. ಎಡ ಹೆಬ್ಬೆಟ್ಟಿನ ಬುಡದ ಮಾಂಸ ಕರಗಿ ಅಲ್ಲೊಂದು ಕುಳಿ ಬಿದ್ದಿತ್ತು. ದಿನಾ ಕಣ್ಣ ಮುಂದೆಯೇ ಇದ್ದ ಕೈ.

"ಬೆರಳು ಜೋಮು ಹಿಡೀತಾ?" ಭಟ್ಟರು ಕೇಳಿದರು.

ಎರಡು ವರ್ಷದಿಂದ ಹಿಡಿಯುತ್ತಿತ್ತು. ಮಲಗಿದ್ದಲ್ಲಿ ಎಚ್ಚರವಾಗಿ ಕೈ ಕೊಡವಿಕೊಳ್ಳುತ್ತಿದ್ದೆ. ಅದನ್ನೆಲ್ಲ ಭಟ್ಟರಿಗೆ ಹೇಳುವ ಹೆಂಗಸು ನಾನಲ್ಲ.

"ಮೊಬೈಲು ಸರಿ ಇಲ್ಲ," ಅಂದೆ.

೫. ಬದಲಿ ಮಾಲು

ಅದಾದ ಮೇಲೂ ಎರಡು ತಿಂಗಳು ಹಟ ಹಿಡಿದೆ. ಒಂದು ದಿನ ಕುದಿಯುವ ಚಹಾದ ಪಾತ್ರೆ ಎಡಗೈಯಲ್ಲಿ ಹಿಡಿದು ಇಳಿಸಿದೆ. ಬಿಸಿಯಾಗಲಿಲ್ಲ. ಬೆರಳು ಸುಟ್ಟದ್ದು ವಾಸನೆಯಿಂದ ಗೊತ್ತಾಯಿತು. ಮರುದಿನ ಹುಬ್ಬಳ್ಳಿ ಬಸ್ಸು ಹತ್ತಿದೆ.

ಅಲ್ಲಿನ ಆಸ್ಪತ್ರೆಯಲ್ಲಿ ನರದ ಪರೀಕ್ಷೆ ಮಾಡುವವನೊಬ್ಬ ಕೈಗೆ ವಯರು ಅಂಟಿಸಿದ.

"ಅಕ್ಕಾರ, ಕೈ ಸಡ್ಲ ಬಿಡ್ರಿ. ಸ್ವಲ್ಪ ಕರೆಂಟ್ ಹೊಡಿತೈತಿ, ಗಾಬರಿ ಆಗಬ್ಯಾಡ್ರಿ."

"ಎಂತ ಲೆಕ್ಕ ಬರ್ತದೆ ಇದ್ರಲ್ಲಿ?"

"ಮಣಿಕಟ್ಟಿಗೆ ಹೊಡದದ್ದು ಮುಂದ ಮುಟ್ಟಾಕ ಎಷ್ಟು ಹೊತ್ತು ಹಿಡಿತೈತಿ ಅಂತ. ಮಿಲಿಸೆಕೆಂಡಿನ್ಯಾಗ ಬರ್ತೈತ್ರಿ."

ನಾನು ಎದ್ದು ಕೂತೆ. ನನ್ನ ಭಾಷೆ ಮಾತಾಡುವ ಒಬ್ಬ ಮನುಷ್ಯ ಕೊನೆಗೂ ಸಿಕ್ಕಿದ್ದ. ಬಲಗೈ ಮೂರು ಚಿಲ್ಲರೆ ಬಂತು. ಎಡಗೈ ಎಂಟರ ಮೇಲೆ ಹೋಯಿತು. ಡಾಕ್ಟರು ಹೇಳುವ ಮೊದಲೇ ನನಗೆ ಅರ್ಥವಾಯಿತು. ಅಷ್ಟು ವರ್ಷ ನಾನು ಮೆರೆದದ್ದು ಯಾವ ಕೈಯಿಂದಲೋ, ಅದು ನೂರಿಪ್ಪತ್ತೈದು ಹರ್ಟ್ಸಿನ ಅಗ್ಗದ ಮಾಲಾಗಿತ್ತು.

ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಕೊಯ್ದು ಬಿಡಿಸಬೇಕು ಎಂದರು ಡಾಕ್ಟರು. ಹೆಬ್ಬೆಟ್ಟಿನ ಮಾಂಸ ತಿರುಗಿ ತುಂಬಲಿಕ್ಕಿಲ್ಲ. ಬೆರಳಿನ ಸ್ಪರ್ಶ ಬರಬಹುದು, ಬರದೆಯೂ ಇರಬಹುದು. ಬಂದರೂ ತಿಂಗಳುಗಟ್ಟಲೆ ಹಿಡಿಯುತ್ತದೆ.

"ಎಫ್ ಮೇಲಿನ ಗೆರೆ ಸಿಗ್ತದಾ?" ಎಂದು ಕೇಳಿದೆ. ಅವರಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದೆ. ಅವರು ನಗಲಿಲ್ಲ.

"ಖಾತ್ರಿ ಕೊಡಲಿಕ್ಕೆ ಆಗೋದಿಲ್ಲ. ಮೊದಲೇ ಬರಬೇಕಿತ್ತು. ಎಷ್ಟು ಕಾಲದಿಂದ ಹೀಗಿದೆ?"

ನಾನು ನಿಜವನ್ನೇ ಹೇಳಿದೆ: "ನಾಲ್ಕು ಕೀಬೋರ್ಡಿನಿಂದ."

೬. ಹದಿಮೂರನೇ ದಿನ

ಆಪರೇಷನ್ನಿಗೆ ಹೊರಡುವ ಬೆಳಿಗ್ಗೆ ಅಂಗಡಿ ಬಾಗಿಲಿಗೆ ಒಂದು ಸೂಚನೆ ಅಂಟಿಸಬೇಕಿತ್ತು. ಭಟ್ಟರು ತಾನು ಟೈಪ್ ಮಾಡುತ್ತೇನೆ ಎಂದರು. ಗೇಮಿನಲ್ಲಿ ಅವರಿಗೆ ಬೇಕಾಗುವುದು ನಾಲ್ಕೇ ಕೀ. ಉಳಿದವನ್ನು ಹುಡುಕುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು.

"ಕೈ, ಆಪರೇಷನ್ ಅಂತೆಲ್ಲ ಬರೀಬೇಡಿ ಭಟ್ರೆ. ಊರಿಗೆಲ್ಲ ಸಾರೋದು ಬೇಡ," ಎಂದಷ್ಟೇ ಹೇಳಿ, ಹೊಲಿಗೆ ಬಿಚ್ಚಿ ಬರುವ ದಿನ ತಿಳಿಸಿ ಓಡಿದೆ. ನಾನು ಓದದೆ ನನ್ನ ಅಂಗಡಿಯಿಂದ ಹೊರಬಿದ್ದ ಮೊದಲ ಕಾಗದ ಅದು.

ಹುಬ್ಬಳ್ಳಿಯಲ್ಲಿ ಅಕ್ಕನ ಮಗಳ ಮನೆಯಲ್ಲಿ ಉಳಿದೆ. ಫೋನ್ ಬಂದ್ ಮಾಡಿದೆ. ಕೈ ಹೇಗಿದೆ ಎಂದು ಯಾರಾದರೂ ಕೇಳಿದರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಹಳೆಯ ಬೋರ್ಡಿನ ಎಫ್ ಕೀಯನ್ನು ಕಿತ್ತು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಪಟ್ಟಿಯ ಹೊರಗೆ ಇಣುಕುತ್ತಿದ್ದ ತೋರುಬೆರಳನ್ನು ದಿನಕ್ಕೆ ಹತ್ತು ಸಲ ಅದರ ಮೇಲಿಟ್ಟು ಕೇಳುತ್ತಿದ್ದೆ. ಉತ್ತರ ಇರಲಿಲ್ಲ. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಹತ್ತಿಯಿಂದ ಸವರಿ ನೋಡಿದರು. ಆಗಲೂ ಇರಲಿಲ್ಲ. ಕಾಯಬೇಕು ಎಂದರು.

ಮಧ್ಯಾಹ್ನ ಶಿರಸಿಯಲ್ಲಿ ಬಸ್ಸಿಳಿದು ಓಣಿಗೆ ಬಂದರೆ, ಅಂಗಡಿಯ ಹಿಂದಿರುವ ನನ್ನ ಮನೆಯ ಮೆ‌ಟ್ಟಿಲ ಮೇಲೆ ಏಳೆಂಟು ಜನ ತಲೆ ತಗ್ಗಿಸಿ ಕೂತಿದ್ದಾರೆ. ನನ್ನ ತವರಾದ ನಿಲ್ಕುಂದದ ಒಬ್ಬ ಮುದುಕಿ ಸೆರಗು ಬಾಯಿಗೆ ಹಿಡಿದಿದ್ದಾಳೆ. ಯಲ್ಲಾಪುರದ ಗಿರಾಕಿಯೊಬ್ಬ ರಿಪೇರಿಗೆ ಕೊಟ್ಟ ಕೀಬೋರ್ಡು ಇನ್ನು ಯಾರನ್ನು ಕೇಳುವುದೋ ಎಂಬ ಮುಖ ಮಾಡಿಕೊಂಡಿದ್ದಾನೆ. ತ್ಯಾಗಲಿಯ ಹೆಂಗಸು ಮೂಲೆಯಲ್ಲಿ ನಿಂತಿದ್ದಾಳೆ. ನಡುವೆ ಶಾಲು ಹೊದ್ದು, ಚೀಲ ಹಿಡಿದು ಭಟ್ಟರು. ಅವರು ಆಗಷ್ಟೇ ಬಂದದ್ದು, ನನ್ನ ಕೈ ವಿಚಾರಿಸಲು. ಆದರೆ ಹದಿಮೂರನೇ ದಿನ ಅಪರಕರ್ಮದ ಭಟ್ಟರೇ ಚೀಲ ಹಿಡಿದು ಬಂದದ್ದು ಕಂಡು, ಅನುಮಾನದಲ್ಲಿದ್ದವರಿಗೂ ಖಾತ್ರಿಯಾಗಿಹೋಗಿತ್ತು.

ಮುದುಕಿ ನನ್ನನ್ನು ನೋಡಿ ಎದೆ ಹಿಡಿದುಕೊಂಡಳು. "ಅಯ್ಯಯ್ಯ! ನೀನೇ ಬಂದ್ಯೇನೇ?"

"ನನ್ನ ಮನೆಗೆ ನಾನು ಬರದೆ ಇನ್ಯಾರು ಬರ್ತಾರೆ ಚಿಕ್ಕಮ್ಮ?"

ಅಂಗಡಿ ಬಾಗಿಲಿಗೆ ಹೋಗಿ ಸೂಚನೆ ಓದಿದೆ. 'ಅಂಗಡಿಯ ಅಕ್ಕನವರ ನಿಮಿತ್ತ ಅಂಗಡಿ ಮುಚ್ಚಿರುತ್ತದೆ. ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ ತೆರೆಯುವುದು. ಸ್ಥಳ: ಸ್ವಗೃಹ. ತಾವೆಲ್ಲರೂ ಬಂದು ಪ್ರಸಾದ ಸ್ವೀಕರಿಸಬೇಕಾಗಿ ವಿನಂತಿ.'

"ಭಟ್ರೆ, ಇದೆಂತ?"

"ನಿನ್ನ ಹಳೇ ಫೈಲು ಒಂದು ಇತ್ತು. ಮೇಲಿಂದಷ್ಟೇ ಅಳಿಸಿ ಬರದಿ. ಕೆಳಗಿಂದು ಚೊಲೋ ಇದ್ದು ಹೇಳಿ ಬಿಟ್ಟಿ," ಅಂದರು ಭಟ್ಟರು. "ಹದಿಮೂರು ಹೇಳಿ ಲೆಕ್ಕ ಹಾಕದು ಎಂಗೆ ರೂಢಿ."

ಊಟಕ್ಕೆಂದು ಬಂದವರನ್ನು ಹಾಗೇ ಕಳಿಸುವ ಜಾಯಮಾನ ನನ್ನದಲ್ಲ. ಎದುರಿನ ಹೋಟೆಲಿನಿಂದ ಬನ್ಸು, ಚಹಾ ತರಿಸಿದೆ. ನನ್ನ ಸಮಾರಾಧನೆಯನ್ನು ನಾನೇ ಬಡಿಸಿದೆ, ಒಂದೇ ಕೈಯಲ್ಲಿ. ಎಲ್ಲರೂ ಮೊದಲು ಮುಜುಗರದಿಂದ, ಆಮೇಲೆ ಹಸಿವಿನಿಂದ ತಿಂದರು.

ಭಟ್ಟರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಬೆರಳು ಎಂತ ಹೇಳ್ತು?"

ಪರ್ಸಿನಿಂದ ಎಫ್ ಕೀ ತೆಗೆದು ಅವರೆದುರೇ ಬೆರಳಿಟ್ಟು ನೋಡಿದೆ.

"ಎಂತ ಇಲ್ಲ."

ಭಟ್ಟರು ಬನ್ಸು ಮುರಿಯುತ್ತ ಯೋಚನೆ ಮಾಡಿದರು. "ಸತ್ತಿದ್ದಿಲ್ಲೆ ಬಿಡು. ಲ್ಯಾಗು ಇಕ್ಕು."

ಆಗ ತ್ಯಾಗಲಿಯ ಹೆಂಗಸು ಚಹಾ ಲೋಟ ಕೆಳಗಿಟ್ಟು ಬಾಗಿಲ ಹತ್ತಿರ ಹೋದಳು. ಸೂಚನೆಯನ್ನು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ಓದಿ ನನ್ನ ಕಡೆ ತಿರುಗಿದಳು.

"ಅಕ್ಕಾ, ಹೋದ್ಸಲ ನಮ್ಮ ಮಾವ ಸರಿಯಾಗೇ ಸತ್ತಿದ್ರು, ಜಾಗ ತಪ್ಪಿತ್ತು. ಈ ಸಲ ಜಾಗ ಸರಿಯಾಗೇ ಬಿದ್ದಿದೆ, ಸತ್ತವರೇ ತಪ್ಪಿಸ್ಕೊಂಡಿದಾರೆ."